ಹಸಿರು ದೀಪವನ್ನು ನಂಬುವ ಮೊದಲು

(ಸರ್ವರ್‌ಗಳ ಅಪ್‌ಟೈಮ್ ಮಾನಿಟರಿಂಗ್, ಅಂದರೆ ಸರ್ವರ್ ನಿಲ್ಲದೆ ನಡೆಯುತ್ತಿದೆಯೇ ಎಂದು ಸದಾ ನೋಡುತ್ತಿರುವ ಕೆಲಸದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭೆಯ ಎದುರು ಮಾಡಿ ತೋರಿಸಿದ ಪ್ರಯೋಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ರಾತ್ರಿ ನಡೆದದ್ದನ್ನು ಹೇಳಿ ಶುರು ಮಾಡುತ್ತೇನೆ. ಆಗ ನಾನು ಒಂದು ಸರ್ವರ್ ನೋಡಿಕೊಳ್ಳುತ್ತಿದ್ದೆ. ಜನ ಅರ್ಜಿ ತುಂಬುವ ವೆಬ್‌ಸೈಟ್ ಅದರಲ್ಲಿತ್ತು. ಅರ್ಜಿ ಹಾಕಲು ಕೊನೆಯ ದಿನ ಹತ್ತಿರ ಬಂದಿತ್ತು. ಮಲಗುವ ಮೊದಲು ಮಾನಿಟರಿಂಗ್ ಪುಟ ತೆರೆದು ನೋಡಿದೆ. ಎಲ್ಲ ಹಸಿರು. ಬೆಳಿಗ್ಗೆ ಎದ್ದು ನೋಡಿದೆ. ಆಗಲೂ ಎಲ್ಲ ಹಸಿರು. ಒಂಬತ್ತು ಗಂಟೆಗೆ ಒಬ್ಬರು ಫೋನ್ ಮಾಡಿದರು. "ರಾತ್ರಿಯಿಂದ ಪ್ರಯತ್ನ ಮಾಡ್ತಾ ಇದ್ದೀನಿ, ಅರ್ಜಿ ಹೋಗ್ತಾನೇ ಇಲ್ಲ" ಎಂದರು. ಲಾಗ್ ತೆಗೆದು ನೋಡಿದರೆ, ಹಿಂದಿನ ರಾತ್ರಿ ಹತ್ತರಿಂದ ಒಂದೇ ಒಂದು ಅರ್ಜಿಯೂ ಸೇರಿರಲಿಲ್ಲ.

ಆದದ್ದು ಇಷ್ಟೇ. ಡೇಟಾಬೇಸ್ ಇದ್ದ ಡಿಸ್ಕ್ ತುಂಬಿಹೋಗಿತ್ತು. ಹೊಸದಾಗಿ ಏನನ್ನೂ ಬರೆಯಲು ಜಾಗ ಇರಲಿಲ್ಲ. ಮುಖಪುಟ ಮಾತ್ರ ಕ್ಯಾಶ್‌ನಿಂದ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದ, ಚೆನ್ನಾಗಿ ತೆರೆದುಕೊಳ್ಳುತ್ತಿತ್ತು. ನನ್ನ ಮಾನಿಟರ್ ನೋಡುತ್ತಿದ್ದದ್ದೂ ಆ ಮುಖಪುಟವನ್ನೇ. ಅದು ಸುಳ್ಳು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿತು. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಹನ್ನೊಂದು ಗಂಟೆ ಕಾಲ ಜನ ಆ ಫಾರ್ಮ್ ತುಂಬಿ, ಬಟನ್ ಒತ್ತಿ, ಕಾದು, ಮತ್ತೆ ತುಂಬಿದ್ದರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಇವತ್ತಿನ ಮಾತು ಅಲ್ಲಿಂದಲೇ ಹುಟ್ಟಿದ್ದು. ಮಾನಿಟರಿಂಗ್ ಹಾಕುವುದು ಕಷ್ಟವಲ್ಲ. ಯಾವ ಟೂಲ್ ತೆಗೆದುಕೊಂಡರೂ ಹತ್ತು ನಿಮಿಷದಲ್ಲಿ ಹಸಿರು ದೀಪ ಉರಿಯುತ್ತದೆ. ಆ ದೀಪ ಏನನ್ನು ನೋಡಿ ಉರಿಯುತ್ತಿದೆ ಎಂದು ತಿಳಿದುಕೊಳ್ಳುವುದೇ ನಿಜವಾದ ಕೆಲಸ.

ಉತ್ತರ ಕೊಡುತ್ತಿರುವುದು ಯಾರು?

ಎಲ್ಲರೂ ಶುರು ಮಾಡುವುದು ಪಿಂಗ್‌ನಿಂದ. ಮೈಕ್ ಮೂಸ್ ಎಂಬುವರು 1983ರ ಡಿಸೆಂಬರ್‌ನಲ್ಲಿ ಈ ಪುಟ್ಟ ಪ್ರೋಗ್ರಾಮ್ ಬರೆದರು. ಆಗ ಅವರು ಅಮೆರಿಕದ ಸೈನ್ಯದ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿದ್ದರು. ಅವರ ನೆಟ್‌ವರ್ಕ್‌ನಲ್ಲಿ ಏನೋ ತೊಂದರೆ ಇತ್ತು. ಅದನ್ನು ಹುಡುಕಲು ಬರೆದದ್ದು ಇದು. ಜಲಾಂತರ್ಗಾಮಿಗಳು ಸೋನಾರ್ ಶಬ್ದ ಕಳಿಸಿ ಪ್ರತಿಧ್ವನಿ ಕೇಳುತ್ತವಲ್ಲ, ಆ ಶಬ್ದದ ಹೆಸರನ್ನೇ ಇದಕ್ಕೂ ಇಟ್ಟರು. ಹೆಸರಿನಲ್ಲೇ ಅದರ ಕೆಲಸ ಇದೆ. ಒಂದು ಪ್ಯಾಕೆಟ್ ಹೋಗುತ್ತದೆ, ಒಂದು ಪ್ಯಾಕೆಟ್ ಬರುತ್ತದೆ. ಆ ಕಡೆ ಏನೋ ಇದೆ ಎಂದು ಗೊತ್ತಾಗುತ್ತದೆ.

ಆದರೆ ಉತ್ತರ ಕೊಡುವುದು ಯಾರು? ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್. ನಿಮ್ಮ ವೆಬ್ ಸರ್ವರ್ ಸತ್ತಿರಬಹುದು, ಡೇಟಾಬೇಸ್ ನಿಂತಿರಬಹುದು. ಕರ್ನಲ್ ಜೀವಂತ ಇದ್ದರೆ ಪಿಂಗ್‌ಗೆ ಉತ್ತರ ಬರುತ್ತಲೇ ಇರುತ್ತದೆ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಎಷ್ಟೋ ಕಡೆ ಫೈರ್‌ವಾಲ್ ಪಿಂಗ್ ಅನ್ನು ಬಿಡುವುದೇ ಇಲ್ಲ. ಆಗ ಸೈಟ್ ಚೆನ್ನಾಗಿ ನಡೆಯುತ್ತಿದ್ದರೂ ಪಿಂಗ್ ಚೆಕ್ ಕೆಂಪಾಗುತ್ತದೆ. ಹಾಗಂತ ಪಿಂಗ್ ಬೇಡ ಎನ್ನುವುದಿಲ್ಲ. ಬೇರೆ ಚೆಕ್ ಕೆಂಪಾದಾಗ, ತೊಂದರೆ ದಾರಿಯಲ್ಲಿದೆಯೋ ಯಂತ್ರದಲ್ಲಿದೆಯೋ ಎಂದು ನೋಡಲು ಅದು ಬೇಕು. ಅದೊಂದನ್ನೇ ನಂಬಿಕೊಂಡು ಮಲಗಬೇಡಿ.

ಇನ್ನೊಂದು ಮೆಟ್ಟಿಲು ಮೇಲಕ್ಕೆ ಬಂದರೆ ಪೋರ್ಟ್ ಚೆಕ್. 443ನೇ ಪೋರ್ಟ್‌ಗೆ (ಸುರಕ್ಷಿತ ವೆಬ್‌ಸೈಟ್‌ಗೆ ಇರುವ ನಂಬರಿನ ಬಾಗಿಲಿಗೆ) ಕನೆಕ್ಷನ್ ಸಿಗುತ್ತದೆಯೇ ಎಂದು ನೋಡುತ್ತೇವೆ. ಕನೆಕ್ಷನ್ ಸಿಕ್ಕಿತು ಅಂದರೆ ಪ್ರೋಗ್ರಾಮ್ ನಡೆಯುತ್ತಿದೆ ಎಂದು ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿಯೂ ಒಂದು ಮೋಸ ಇದೆ. ಕನೆಕ್ಷನ್ ಕೂಡಿಸುವ ಟಿಸಿಪಿ ನಿಯಮದ ಮೊದಲ ಮೂರು ಹೆಜ್ಜೆಗಳನ್ನು ಮುಗಿಸುವುದು ಮತ್ತೆ ಕರ್ನಲ್ಲೇ. ಪ್ರೋಗ್ರಾಮ್ ಎಲ್ಲೋ ಸಿಕ್ಕಿಹಾಕಿಕೊಂಡು ಹ್ಯಾಂಗ್ ಆಗಿದ್ದರೂ, ಅದು ತೆರೆದಿಟ್ಟ ಪೋರ್ಟ್‌ನಲ್ಲಿ ಕರ್ನಲ್ ಹೊಸ ಕನೆಕ್ಷನ್‌ಗಳನ್ನು ತೆಗೆದುಕೊಂಡು ಸಾಲಿನಲ್ಲಿ ನಿಲ್ಲಿಸುತ್ತಾ ಹೋಗುತ್ತದೆ. ಆ ಸಾಲು ತುಂಬುವವರೆಗೂ ನಿಮ್ಮ ಪೋರ್ಟ್ ಚೆಕ್ ಹಸಿರಾಗಿಯೇ ಇರುತ್ತದೆ. ಒಳಗೆ ಯಾರೂ ಆ ಸಾಲನ್ನು ಕರೆಯುತ್ತಿರುವುದಿಲ್ಲ.

ಹಾಗಾಗಿ ಪುಟವನ್ನೇ ಕೇಳಬೇಕು. ಇದು ಎಚ್‌ಟಿಟಿಪಿ ಚೆಕ್, ಬ್ರೌಸರ್ ಕೇಳುವ ಹಾಗೆಯೇ ಕೇಳುವುದು. ಉತ್ತರದ ಜೊತೆ ಸರ್ವರ್ ಒಂದು ಸಂಖ್ಯೆ ಕಳಿಸುತ್ತದೆ. 200 ಬಂದರೆ ಸರಿ, 500, 502, 503 ಬಂದರೆ ತಪ್ಪು ಎಂದು ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ 200 ಕೂಡ ಭರವಸೆ ಅಲ್ಲ. "ಡೇಟಾಬೇಸ್ ಸಿಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಎಂಬ ಪುಟವನ್ನು 200 ಜೊತೆಗೇ ಕಳಿಸುವ ಅಪ್ಲಿಕೇಶನ್‌ಗಳನ್ನು ನಾನು ನೋಡಿದ್ದೇನೆ. ಡೊಮೈನ್ ಅವಧಿ ಮುಗಿದು, ರಿಜಿಸ್ಟ್ರಾರ್‌ನ ಜಾಹೀರಾತು ಪುಟ ಬಂದು ಕೂತರೂ 200 ಬರಬಹುದು.

ರೀಡೈರೆಕ್ಟ್, ಅಂದರೆ ಬೇರೆ ವಿಳಾಸಕ್ಕೆ ಕಳಿಸುವ ಉತ್ತರ (301, 302), ಕೂಡ ಇಂಥದ್ದೇ. ನಾಗಿಯೋಸ್ ಎಂಬ ಮಾನಿಟರಿಂಗ್ ಟೂಲ್‌ನ ಎಚ್‌ಟಿಟಿಪಿ ಪ್ಲಗಿನ್‌ಗೆ ಬೇರೆ ಏನೂ ಹೇಳದಿದ್ದರೆ, 301 ಅಥವಾ 302 ಬಂದರೂ 'ಓಕೆ' ಎನ್ನುತ್ತದೆ. ನೀವು ಎಚ್‌ಟಿಟಿಪಿ ವಿಳಾಸ ಕೊಟ್ಟಿರುತ್ತೀರಿ. ಸರ್ವರ್ "ಎಚ್‌ಟಿಟಿಪಿಎಸ್‌ಗೆ ಹೋಗಿ" ಎಂದು 301 ಕಳಿಸುತ್ತದೆ. ಪ್ಲಗಿನ್ ಅಲ್ಲಿಗೇ ನಿಂತು ಖುಷಿ ಪಡುತ್ತದೆ. ಎಚ್‌ಟಿಟಿಪಿಎಸ್ ಕಡೆ ಎಲ್ಲ ಮುರಿದುಬಿದ್ದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಜನ ಕೊನೆಗೆ ತಲುಪುವ ವಿಳಾಸವನ್ನೇ ಕೊಡಿ. ಇಲ್ಲವಾದರೆ ರೀಡೈರೆಕ್ಟ್ ಹಿಂಬಾಲಿಸಲು ಹೇಳಿ.

ನಾನು ಈಗ ಯಾವ ಸೈಟ್‌ಗಾದರೂ ಮೊದಲು ಹಾಕುವುದು ಪದ ಹುಡುಕುವ ಚೆಕ್. ಪುಟ ಬಂದ ಮೇಲೆ ಅದರೊಳಗೆ ಒಂದು ಪದ ಇದೆಯೇ ಎಂದು ನೋಡುವುದು. ಅಪ್‌ಟೈಮ್ ಕುಮಾ ಎಂಬ ಟೂಲ್‌ನಲ್ಲಿ ಇದಕ್ಕೆ ಬೇರೆ ಮಾನಿಟರ್ ಬಗೆಯೇ ಇದೆ. ನಾಗಿಯೋಸ್ ಪ್ಲಗಿನ್‌ನಲ್ಲೂ ಪ್ರೊಮೀಥಿಯಸ್ ಎಂಬ ಟೂಲ್‌ಗೆ ಹೊರಗಿನಿಂದ ಚೆಕ್ ಮಾಡಿಕೊಡುವ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್‌ನಲ್ಲೂ ಇದೆ. ಪದ ಆರಿಸುವುದರಲ್ಲಿ ಗಮನ ಬೇಕು. ಸೈಟ್‌ನ ಹೆಸರನ್ನು ಆರಿಸಿದರೆ ಪ್ರಯೋಜನ ಇಲ್ಲ. ಅದು ಎರರ್ ಪುಟದ ತಲೆಬರಹದಲ್ಲೂ ಇರುತ್ತದೆ. ಡೇಟಾಬೇಸ್‌ನಿಂದ ಓದಿದಾಗ ಮಾತ್ರ ಬರುವ ಪದವನ್ನು ಆರಿಸಿ. ಪುಟದ ಕೊನೆಯಲ್ಲಿ ಬರುವುದಾದರೆ ಇನ್ನೂ ಒಳ್ಳೆಯದು. ಅರ್ಧ ಪುಟ ಬಂದು ನಿಂತರೂ ಆಗ ಗೊತ್ತಾಗುತ್ತದೆ.

ನನ್ನ ಆ ರಾತ್ರಿಯ ಕಥೆಗೆ ಇದೂ ಸಾಲುತ್ತಿರಲಿಲ್ಲ. ಅಲ್ಲಿ ಓದುವುದು ನಡೆಯುತ್ತಿತ್ತು, ಬರೆಯುವುದು ನಿಂತಿತ್ತು. ಈಗ ನಾನು ಹೀಗೆ ಮಾಡುತ್ತೇನೆ. ಅಪ್ಲಿಕೇಶನ್ ಬರೆಯುವವರನ್ನು ಕೇಳಿ ಒಂದು ಹೆಲ್ತ್ ಪುಟ ಮಾಡಿಸಿಕೊಳ್ಳುತ್ತೇನೆ. ಡೇಟಾಬೇಸ್‌ನಲ್ಲಿ ಅದಕ್ಕೆ ಅಂತಲೇ ಇಟ್ಟ ಒಂದು ಟೇಬಲ್‌ನ ಒಂದೇ ಸಾಲಿನಲ್ಲಿ ಆ ಪುಟ ಈಗಿನ ಸಮಯ ಬರೆಯುತ್ತದೆ. ಅದನ್ನೇ ಮತ್ತೆ ಓದುತ್ತದೆ. ಎರಡೂ ಆದರೆ ಒಂದು ಪದ ಕೊಡುತ್ತದೆ, ಆಗದಿದ್ದರೆ 503. ಕ್ಯಾಶ್ ಆಗದಂತೆ ಹೆಡರ್ ಇಡಬೇಕು. ಇದನ್ನು ಮರೆತರೆ ಮಾಡಿದ್ದೆಲ್ಲ ದಂಡ. ಪುಟ ಹಗುರವಾಗಿಯೂ ಇರಬೇಕು. ಹತ್ತು ಭಾರಿ ಕ್ವೆರಿ ಓಡಿಸುವ ಹೆಲ್ತ್ ಪುಟವನ್ನು ಐದು ಕಡೆಯಿಂದ ನಿಮಿಷಕ್ಕೊಮ್ಮೆ ಕೇಳಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಆಳವಾದ ಹೆಲ್ತ್ ಪುಟವನ್ನು ಮನುಷ್ಯರಿಗೆ ತಿಳಿಸುವ ಮಾನಿಟರ್‌ಗೆ ಕೊಡಿ. ಬರುವ ಜನರನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ಗೆ ಕೊಡಬೇಡಿ. ಯಾಕೆ ಅಂದರೆ, ಚೆಕ್ ಸೋತರೆ ಲೋಡ್ ಬ್ಯಾಲೆನ್ಸರ್ ಆ ಸರ್ವರ್ ಅನ್ನು ಸಾಲಿನಿಂದ ತೆಗೆದುಬಿಡುತ್ತದೆ. ಎಲ್ಲ ಸರ್ವರ್‌ಗಳಿಗೂ ಒಂದೇ ಡೇಟಾಬೇಸ್ ಇದ್ದು, ಅದು ಹತ್ತು ಸೆಕೆಂಡ್ ತಡವರಿಸಿತು ಅಂತ ಇಟ್ಟುಕೊಳ್ಳಿ. ಎಲ್ಲ ಸರ್ವರ್‌ಗಳೂ ಒಟ್ಟಿಗೆ "ನಾನು ಸರಿ ಇಲ್ಲ" ಎನ್ನುತ್ತವೆ. ಎಲ್ಲವೂ ಒಟ್ಟಿಗೆ ಹೊರಗೆ ಹೋಗುತ್ತವೆ. ಡೇಟಾಬೇಸ್ ಇಲ್ಲದೆಯೂ ತೋರಿಸಬಹುದಾಗಿದ್ದ ಪುಟಗಳೂ ಹೋಗುತ್ತವೆ.

ಇದು ಬರೀ ಊಹೆ ಅಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎಲ್ಲ ಸುಮಾರು ಆರು ಗಂಟೆ ನಿಂತದ್ದು ನಿಮಗೆ ನೆನಪಿರಬಹುದು. ಮೂಲ ಕಾರಣ, ನಿರ್ವಹಣೆ ಕೆಲಸದ ವೇಳೆ ಕೊಟ್ಟ ಒಂದು ಕಮಾಂಡ್. ಅದರಿಂದ ಅವರ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬೆನ್ನೆಲುಬು ಜಾಲವೇ ಕಡಿದುಹೋಯಿತು. ಅವರ ಡಿಎನ್‌ಎಸ್ ಸರ್ವರ್‌ಗಳಿಗೆ (ಸೈಟ್‌ನ ಹೆಸರಿಗೆ ಅದರ ಸಂಖ್ಯೆಯ ವಿಳಾಸ ಹೇಳುವವು) ಒಂದು ನಿಯಮ ಇತ್ತು. ಡೇಟಾ ಸೆಂಟರ್ ಜೊತೆ ಮಾತಾಡಲು ಆಗದಿದ್ದರೆ, ತಾನು ಸರಿ ಇಲ್ಲ ಎಂದು ತಿಳಿದು ತನ್ನ ದಾರಿಯನ್ನು ಇಂಟರ್ನೆಟ್‌ನಿಂದ ಹಿಂತೆಗೆದುಕೊಳ್ಳಬೇಕು. ಒಂದು ಸರ್ವರ್ ಕೆಟ್ಟಾಗ ಅದು ಬಹಳ ಒಳ್ಳೆಯ ನಿಯಮ. ಆ ದಿನ ಎಲ್ಲವೂ ಒಟ್ಟಿಗೆ ಹಾಗೆ ತಿಳಿದವು. ಎಲ್ಲವೂ ಒಟ್ಟಿಗೆ ಹಿಂತೆಗೆದುಕೊಂಡವು. ಡಿಎನ್‌ಎಸ್ ಸರ್ವರ್‌ಗಳು ಕೆಲಸ ಮಾಡುತ್ತಿದ್ದರೂ ಹೊರಗಿನ ಜಗತ್ತಿಗೆ ಅವು ಸಿಗಲಿಲ್ಲ. ಒಳಗಿನ ಎಂಜಿನಿಯರ್‌ಗಳು ತೊಂದರೆ ಹುಡುಕಲು ಬಳಸುವ ಟೂಲ್‌ಗಳೂ ಅದೇ ಜಾಲವನ್ನು ನಂಬಿಕೊಂಡಿದ್ದವು.

ಎಲ್ಲಿ ನಿಂತು ನೋಡಬೇಕು

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತೇವಲ್ಲ, ಮಾನಿಟರ್ ಅನ್ನು ಅದೇ ಸರ್ವರ್‌ನಲ್ಲಿ ಇಟ್ಟರೆ ಆಗುವುದು ಅದೇ. ಸರ್ವರ್ ಬಿದ್ದಾಗ ಮಾನಿಟರ್ ಕೂಡ ಬೀಳುತ್ತದೆ. ಅಲರ್ಟ್ ಕಳಿಸಲು ಯಾರೂ ಉಳಿದಿರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೂ ನಾವು ಬೇರೆ ಬೇರೆ ವೇಷದಲ್ಲಿ ಇದೇ ತಪ್ಪು ಮಾಡುತ್ತೇವೆ. ಮಾನಿಟರ್ ಬೇರೆ ಸರ್ವರ್‌ನಲ್ಲಿ ಇರುತ್ತದೆ, ಆದರೆ ಅದೇ ಕ್ಲೌಡ್‌ನ ಅದೇ ರೀಜನ್‌ನಲ್ಲಿ, ಅಂದರೆ ಅದೇ ಪ್ರದೇಶದ ಡೇಟಾ ಸೆಂಟರ್‌ಗಳಲ್ಲಿ. ಅಥವಾ ಅಲರ್ಟ್ ಇಮೇಲ್‌ನಲ್ಲಿ ಬರುತ್ತದೆ, ಆ ಇಮೇಲ್ ಸರ್ವರ್ ಬಿದ್ದ ಯಂತ್ರದಲ್ಲೇ ಇರುತ್ತದೆ. ಅಥವಾ ಎರಡಕ್ಕೂ ಒಂದೇ ಡಿಎನ್‌ಎಸ್ ಇರುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸ್ಟೋರೇಜ್ ಸೇವೆ ಒಂದು ರೀಜನ್‌ನಲ್ಲಿ ಕೆಲವು ಗಂಟೆ ನಿಂತಿತು. ಸೇವೆಗಳ ಸ್ಥಿತಿ ತೋರಿಸುವ ಅವರ ಸ್ಟೇಟಸ್ ಪುಟವನ್ನು ಬದಲಾಯಿಸುವ ವ್ಯವಸ್ಥೆಯೂ ಎಸ್3ಯನ್ನೇ ನೆಚ್ಚಿಕೊಂಡಿತ್ತು. ಹಾಗಾಗಿ ತೊಂದರೆ ಶುರುವಾದ ಮೇಲೆ ಸುಮಾರು ಎರಡು ಗಂಟೆ ಹೊತ್ತು ಆ ಪುಟದಲ್ಲಿ ಒಂದೊಂದು ಸೇವೆಯ ಸ್ಥಿತಿಯನ್ನು ಬದಲಾಯಿಸಲು ಅವರಿಗೆ ಆಗಲಿಲ್ಲ. ನಿಮ್ಮ ಸ್ಟೇಟಸ್ ಪುಟವನ್ನು ಎಲ್ಲಿ ಇಟ್ಟಿದ್ದೀರಿ ಎಂದು ಇವತ್ತೇ ಒಮ್ಮೆ ನೋಡಿ.

ಹೊರಗೆ ಇಟ್ಟರೂ ಒಂದೇ ಕಡೆ ಇಟ್ಟರೆ ಸಾಲದು. ಆ ಒಂದು ಕಡೆಯಿಂದ ನಿಮ್ಮ ಸರ್ವರ್‌ಗೆ ಬರುವ ದಾರಿ ಕೆಟ್ಟರೆ, ಸುಮ್ನೆ ಅಲರ್ಟ್ ಬರುತ್ತದೆ. ಮೂರು ಕಡೆಯಿಂದ ನೋಡಿ, ಎರಡು ಕಡೆ ಸೋತರೆ ಮಾತ್ರ ಅಲರ್ಟ್ ಎಂದು ಇಡಿ. ಒಂದೇ ಕಡೆ ಸೋತದ್ದನ್ನು ಬರೆದಿಟ್ಟುಕೊಳ್ಳಿ. ಯಾರನ್ನೂ ಎಬ್ಬಿಸಬೇಡಿ. ಹಳೆಯ ಐಪಿವಿ4 ವಿಳಾಸದ ಜೊತೆ ಹೊಸ ಬಗೆಯ ಐಪಿವಿ6 ವಿಳಾಸವೂ ಇದ್ದರೆ ಅದಕ್ಕೆ ಬೇರೆ ಚೆಕ್ ಬೇಕು. ಐಪಿವಿ4 ಚೆನ್ನಾಗಿದ್ದು ಐಪಿವಿ6 ಮಾತ್ರ ಕೆಟ್ಟಿರುವುದು ಆಗಾಗ ಆಗುತ್ತದೆ. ಆಗ ಕೆಲವರಿಗೆ ಮಾತ್ರ ಸೈಟ್ ನಿಧಾನ ಆಗುತ್ತದೆ ಅಥವಾ ತೆರೆಯುವುದೇ ಇಲ್ಲ. ಅವರು ಹೇಳಿದರೆ ನಾವು ನಂಬುವುದಿಲ್ಲ, "ನಮಗೆ ತೆರೆಯುತ್ತಿದೆಯಲ್ಲ" ಎನ್ನುತ್ತೇವೆ.

ಸಂಖ್ಯೆಗಳ ಲೆಕ್ಕ

ಎಷ್ಟು ಹೊತ್ತಿಗೊಮ್ಮೆ ಚೆಕ್ ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಮೊದಲು, ಎಷ್ಟು ಹೊತ್ತು ನಿಂತರೆ ಪರವಾಗಿಲ್ಲ ಎಂದು ಕೇಳಿಕೊಳ್ಳಿ. 30 ದಿನದ ಲೆಕ್ಕ ಹೇಳುತ್ತೇನೆ. ಶೇ. 99 ಅಪ್‌ಟೈಮ್ ಅಂದರೆ 7 ಗಂಟೆ 12 ನಿಮಿಷ ನಿಲ್ಲಬಹುದು. ಶೇ. 99.9 ಅಂದರೆ 43 ನಿಮಿಷ 12 ಸೆಕೆಂಡ್. ಶೇ. 99.99 ಅಂದರೆ ಬರೀ 4 ನಿಮಿಷ 19 ಸೆಕೆಂಡ್. ಕಾಗದದ ಮೇಲೆ ಒಂದು ಒಂಬತ್ತು ಸೇರಿಸುವುದು ಬಹಳ ಸುಲಭ. ಆದರೆ ಐದು ನಿಮಿಷಕ್ಕೊಮ್ಮೆ ಚೆಕ್ ಮಾಡುವವರು ಶೇ. 99.99 ಎಂದು ಮಾತು ಕೊಟ್ಟಿದ್ದರೆ, ತಿಂಗಳ ಪಾಲೆಲ್ಲ ಎರಡು ಚೆಕ್‌ಗಳ ನಡುವೆಯೇ ಮುಗಿದುಹೋಗಬಹುದು. ಅವರಿಗೆ ಅದು ಕಾಣುವುದೂ ಇಲ್ಲ.

ಹೆಚ್ಚಿನ ಸೈಟ್‌ಗಳಿಗೆ 60 ಸೆಕೆಂಡ್ ಸರಿ. ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಸಮಯ, 10 ಸೆಕೆಂಡ್ ಇಡುತ್ತೇನೆ. ಒಂದು ಸಲ ಸೋತ ಕೂಡಲೇ ಅಲರ್ಟ್ ಕಳಿಸಬಾರದು. ಒಂದು ಪ್ಯಾಕೆಟ್ ಕಳೆದುಹೋದದ್ದಕ್ಕೆ ಯಾರ ನಿದ್ದೆಯೂ ಕೆಡಬಾರದು. ನಾಗಿಯೋಸ್‌ನಲ್ಲಿ ಇದಕ್ಕೆ ಸಾಫ್ಟ್ ಸ್ಟೇಟ್, ಹಾರ್ಡ್ ಸ್ಟೇಟ್ ಎಂದು ಎರಡು ಹಂತ ಇದೆ. ಮೊದಲು ಸೋತಾಗ ಸಾಫ್ಟ್. ನೀವು ಹೇಳಿದಷ್ಟು ಸಲ ಮತ್ತೆ ಸೋತರೆ ಹಾರ್ಡ್, ಆಗ ಅಲರ್ಟ್. ಸೋತ ಮೇಲಿನ ಪ್ರಯತ್ನಗಳ ನಡುವಿನ ಸಮಯವನ್ನು ಬೇರೆಯಾಗಿ, ಕಡಿಮೆ ಇಡಬಹುದು. ನಾನು ಒಟ್ಟು ಮೂರು ಪ್ರಯತ್ನ, ನಡುವೆ 30 ಸೆಕೆಂಡ್ ಇಡುತ್ತೇನೆ. ಈಗ ಲೆಕ್ಕ ಹಾಕಿ. ಒಂದು ಚೆಕ್ ಮುಗಿದ ಮರುಕ್ಷಣವೇ ಸರ್ವರ್ ಬಿದ್ದರೆ, ಮುಂದಿನ ಚೆಕ್‌ಗೆ 60 ಸೆಕೆಂಡ್. ಆಮೇಲೆ ಎರಡು ಸಲ 30. ಒಟ್ಟು ಎರಡು ನಿಮಿಷ. ಉತ್ತರವೇ ಬರದೆ ಟೈಮ್‌ಔಟ್ ಆಗುವ ತೊಂದರೆಯಾದರೆ ಇನ್ನೂ ಸ್ವಲ್ಪ ಜಾಸ್ತಿ. ಇದನ್ನು ಕಾಗದದ ಮೇಲೆ ಬರೆದು, "ಸರ್ವರ್ ಬಿದ್ದರೆ ನಮಗೆ ಎರಡೂವರೆ ನಿಮಿಷದೊಳಗೆ ಗೊತ್ತಾಗುತ್ತದೆ" ಎಂದು ನಿಮ್ಮವರಿಗೆ ಹೇಳಿ. ಆ ವಾಕ್ಯ ಹೇಳಲು ಆಗದಿದ್ದರೆ ಸೆಟ್ಟಿಂಗ್ ಇನ್ನೂ ಮುಗಿದಿಲ್ಲ.

ಪ್ರೊಮೀಥಿಯಸ್ ಬಳಸುವವರಿಗೆ ಒಂದು ಮುಖ್ಯ ಮಾತು. ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಮೂಲಕ ಹೊರಗಿನಿಂದ ಚೆಕ್ ಮಾಡುವಾಗ 'ಅಪ್' ಎಂಬ ಅಳತೆಯ ಮೇಲೆ ಅಲರ್ಟ್ ಇಡಬೇಡಿ. ಅಲ್ಲಿ 'ಅಪ್' ಹೇಳುವುದು ಎಕ್ಸ್‌ಪೋರ್ಟರ್ ಬದುಕಿದೆಯೇ ಎಂದು. ನಿಮ್ಮ ಸೈಟ್ ಬಿದ್ದಿದ್ದರೂ ಅದು 1 ಎಂದೇ ತೋರಿಸುತ್ತದೆ. ಸೈಟ್‌ನ ಸ್ಥಿತಿ ಇರುವುದು 'ಪ್ರೋಬ್ ಸಕ್ಸೆಸ್' ಎಂಬ ಅಳತೆಯಲ್ಲಿ. ಈ ತಪ್ಪನ್ನು ನಾನು ಒಂದಕ್ಕಿಂತ ಜಾಸ್ತಿ ಕಡೆ ತಿದ್ದಿದ್ದೇನೆ. ಪ್ರತಿ ಸಲವೂ ಅಲ್ಲಿಯವರಿಗೆ ತಿಂಗಳುಗಟ್ಟಲೆ ಅಲರ್ಟ್ ಬಂದಿರಲಿಲ್ಲ, ಅವರು ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡಿದ್ದರು.

ಇನ್ನೊಂದು, ಅಳತೆಯೇ ಬರದಿದ್ದರೆ? ಪ್ರೋಬ್ ಸಕ್ಸೆಸ್ 0 ಆದರೆ ಅಲರ್ಟ್ ಎಂದು ನಿಯಮ ಬರೆದಿದ್ದೀರಿ. ಎಕ್ಸ್‌ಪೋರ್ಟರ್ ನಿಂತುಹೋಯಿತು. ಈಗ 0 ಕೂಡ ಇಲ್ಲ, 1 ಕೂಡ ಇಲ್ಲ. ನಿಯಮಕ್ಕೆ ಹೊಂದುವುದು ಏನೂ ಇಲ್ಲ, ಹಾಗಾಗಿ ಮೌನ. ಅಳತೆ ಕಾಣೆಯಾದರೂ ಅಲರ್ಟ್ ಬರುವಂತೆ ಇನ್ನೊಂದು ನಿಯಮ ಬೇಕು. ನಾಗಿಯೋಸ್‌ನ ಪ್ಲಗಿನ್‌ಗಳು ನಾಲ್ಕು ಉತ್ತರ ಕೊಡುತ್ತವೆ. 0 ಅಂದರೆ ಸರಿ, 1 ಎಚ್ಚರಿಕೆ, 2 ಗಂಭೀರ, 3 ಗೊತ್ತಿಲ್ಲ. ಆ ನಾಲ್ಕನೆಯ ಉತ್ತರ ನನಗೆ ಬಹಳ ಇಷ್ಟ. ಗೊತ್ತಿಲ್ಲ ಎನ್ನುವುದಕ್ಕೆ ಅಲ್ಲಿ ಒಂದು ಜಾಗ ಇದೆ. ಬಹಳ ಜನ ಅಲರ್ಟ್ ಪಟ್ಟಿಯಿಂದ ಅದನ್ನೇ ಮೊದಲು ತೆಗೆದುಹಾಕುತ್ತಾರೆ, "ಸುಮ್ನೆ ತೊಂದರೆ" ಎಂದು. ದಯವಿಟ್ಟು ತೆಗೆಯಬೇಡಿ.

ಯಾರಿಗೆ, ಯಾವಾಗ

ತೋಳ ಬಂತು ತೋಳ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ತಪ್ಪು ಹುಡುಗನದು. ನಮ್ಮಲ್ಲಿ ಆ ಹುಡುಗನಿಗೆ ಕೂಗಲು ಕಲಿಸಿದವರು ನಾವೇ. ಸಿಪಿಯು ಶೇ. 80 ದಾಟಿದರೆ ಅಲರ್ಟ್, ಮೆಮೊರಿ ಶೇ. 85 ದಾಟಿದರೆ ಅಲರ್ಟ್, ಬ್ಯಾಕಪ್ ನಡೆಯುವಾಗ ದಿನಾ ರಾತ್ರಿ ಎರಡು ಗಂಟೆಗೆ ಅಲರ್ಟ್. ಮೂರನೇ ವಾರಕ್ಕೆ ಫೋನ್ ಸೈಲೆಂಟ್‌ಗೆ ಹೋಗುತ್ತದೆ. ನಾಲ್ಕನೇ ವಾರ ನಿಜವಾದ ತೋಳ ಬರುತ್ತದೆ.

ನಾನು ಪಾಲಿಸುವುದು ಇದು. ನಿದ್ದೆಯಿಂದ ಎಬ್ಬಿಸುವ ಅಲರ್ಟ್ ಅಂದರೆ, ಈಗಲೇ ಎದ್ದು ಏನಾದರೂ ಮಾಡಬೇಕು, ಮಾಡಲೂ ಆಗುತ್ತದೆ ಎಂಬಂಥದ್ದು. ಜನರ ಕೆಲಸ ನಿಂತಿದ್ದರೆ ಎಬ್ಬಿಸಿ. ಸಿಪಿಯು ಜಾಸ್ತಿ ಇದೆ, ಆದರೆ ಪುಟಗಳು ಬೇಗ ಬರುತ್ತಿವೆ ಅಂದರೆ ಬೆಳಿಗ್ಗೆ ನೋಡಿದರೆ ಸಾಕು. ಡಿಸ್ಕ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿ. ಶೇ. 80 ಆದಾಗ ಹಗಲಿನ ಪಟ್ಟಿಗೆ ಸೇರಿಸುತ್ತೇನೆ. ಈಗಿನ ವೇಗದಲ್ಲಿ ಹೋದರೆ ನಾಲ್ಕು ಗಂಟೆಯಲ್ಲಿ ತುಂಬುತ್ತದೆ ಅನಿಸಿದರೆ ಎಬ್ಬಿಸುತ್ತೇನೆ. ಐನೋಡ್‌ಗಳನ್ನೂ (ಒಂದೊಂದು ಫೈಲ್‌ಗೂ ಡಿಸ್ಕ್‌ನಲ್ಲಿ ಇರುವ ದಾಖಲೆಗಳನ್ನೂ) ಎಣಿಸಬೇಕು. ಜಾಗ ಅರ್ಧ ಖಾಲಿ ಇದ್ದರೂ ಸಣ್ಣ ಸಣ್ಣ ಫೈಲ್‌ಗಳು ಲಕ್ಷಗಟ್ಟಲೆ ಸೇರಿದರೆ ಐನೋಡ್ ಮುಗಿದು, ಹೊಸ ಫೈಲ್ ಮಾಡಲು ಆಗುವುದಿಲ್ಲ.

ಅಲರ್ಟ್‌ನ ಮಾತುಗಳ ಬಗ್ಗೆಯೂ ಯೋಚಿಸಿ. "ಸರ್ವರ್ 3 ಗಂಭೀರ" ಎಂದು ಬಂದರೆ ನಡುರಾತ್ರಿ ಕಣ್ಣುಜ್ಜಿಕೊಂಡು ಎದ್ದವರಿಗೆ ಏನು ಅರ್ಥವಾಗಬೇಕು? ಏನು ನಿಂತಿದೆ, ಯಾವಾಗಿನಿಂದ, ಎಷ್ಟು ಕಡೆಯಿಂದ ಹಾಗೆ ಕಾಣುತ್ತಿದೆ, ಮೊದಲು ಎಲ್ಲಿ ನೋಡಬೇಕು. ಇಷ್ಟನ್ನು ಬರೆಯಿರಿ. ಒಂದು ರೂಟರ್ ಬಿದ್ದು ಅದರ ಹಿಂದಿನ 40 ಸರ್ವರ್‌ಗಳಿಂದ 40 ಅಲರ್ಟ್ ಬರಬಾರದು. ನಾಗಿಯೋಸ್‌ನಲ್ಲಿ ಯಾರ ಹಿಂದೆ ಯಾರು ಎಂದು ಹೇಳಬಹುದು. ಪ್ರೊಮೀಥಿಯಸ್‌ನ ಅಲರ್ಟ್‌ಮ್ಯಾನೇಜರ್‌ನಲ್ಲಿ ಗುಂಪು ಮಾಡಬಹುದು, ಒಂದು ಅಲರ್ಟ್ ಇದ್ದಾಗ ಇನ್ನೊಂದನ್ನು ತಡೆಯಬಹುದು. ಮೊದಲೇ ತಿಳಿಸಿ ಮಾಡುವ ನಿರ್ವಹಣೆ ಕೆಲಸಕ್ಕೆ ಅಲರ್ಟ್ ನಿಲ್ಲಿಸಿ. ಆದರೆ ನಿಲ್ಲಿಸುವಾಗಲೇ ಅದು ಯಾವಾಗ ತಾನಾಗಿ ಮತ್ತೆ ಶುರುವಾಗಬೇಕು ಎಂದೂ ಹಾಕಿ. ನಿಲ್ಲಿಸಿ ಮರೆತ ಅಲರ್ಟ್ ಇಲ್ಲದ ಅಲರ್ಟ್‌ಗೆ ಸಮ.

ಸರ್ಟಿಫಿಕೇಟ್ ಮತ್ತು ಸದ್ದಿಲ್ಲದೆ ನಿಲ್ಲುವ ಕೆಲಸಗಳು

ಸರ್ವರ್ ಚೆನ್ನಾಗಿದೆ, ಸೈಟ್ ಚೆನ್ನಾಗಿದೆ, ಆದರೆ ಬ್ರೌಸರ್ ಒಳಗೆ ಬಿಡುತ್ತಿಲ್ಲ. ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಟಿಎಲ್‌ಎಸ್ ಸರ್ಟಿಫಿಕೇಟ್‌ನ ಅವಧಿ ಮುಗಿದಿದೆ. ಜನರ ಪಾಲಿಗೆ ಇದೂ ಸರ್ವರ್ ಡೌನ್ ಆದ ಹಾಗೆಯೇ. ಇನ್ನು ಮುಂದೆ ಈ ತೊಂದರೆ ಜಾಸ್ತಿಯಾಗಲಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆಯಾಗಿ ಕೊಡುವ ಸರ್ಟಿಫಿಕೇಟ್‌ಗಳು ಶುರುವಿನಿಂದಲೂ ಸಾಮಾನ್ಯವಾಗಿ 90 ದಿನದವು. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿ 2025ರಲ್ಲಿ ಒಂದು ನಿರ್ಧಾರ ಮಾಡಿವೆ. ಅದರ ಪ್ರಕಾರ ಹೊಸ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಕೈಯಿಂದ ನವೀಕರಿಸುವ ಕಾಲ ಮುಗಿಯಿತು. ಜೊತೆಗೆ, ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್‌ಗಳೂ 2025ರ ಜೂನ್‌ನಲ್ಲಿ ನಿಂತವು. ಅದನ್ನು ನೆಚ್ಚಿಕೊಂಡಿದ್ದವರು ಈಗ ತಮ್ಮ ಮಾನಿಟರ್ ತಾವೇ ಹಾಕಿಕೊಳ್ಳಬೇಕು.

ಇಲ್ಲಿ ಡಿಸ್ಕ್‌ನಲ್ಲಿರುವ ಫೈಲ್ ಅನ್ನು ನೋಡಬೇಡಿ. ಹೊರಗಿನಿಂದ ಕನೆಕ್ಟ್ ಆಗಿ, ಸರ್ವರ್ ನಿಜವಾಗಿ ಕೊಡುತ್ತಿರುವ ಸರ್ಟಿಫಿಕೇಟ್ ನೋಡಿ. ನವೀಕರಣ ತಾನಾಗಿ ಆಗಿರುತ್ತದೆ, ಹೊಸ ಫೈಲ್ ಬಂದಿರುತ್ತದೆ. ವೆಬ್ ಸರ್ವರ್ ರೀಲೋಡ್ ಆಗದೆ ಹಳೆಯದನ್ನೇ ಕೊಡುತ್ತಿರುತ್ತದೆ. ಫೈಲ್ ನೋಡುವ ಚೆಕ್‌ಗೆ ಇದು ಎಂದಿಗೂ ಕಾಣುವುದಿಲ್ಲ. 90 ದಿನದ ಸರ್ಟಿಫಿಕೇಟ್ ಆದರೆ 21 ದಿನ ಉಳಿದಾಗ ಮೊದಲ ಎಚ್ಚರಿಕೆ, 7 ದಿನ ಉಳಿದಾಗ ಗಂಭೀರ. ಡೊಮೈನ್‌ಗೂ ಇದೇ ಥರ ಒಂದು ಚೆಕ್ ಇರಲಿ.

ಕೊನೆಯದು ಬ್ಯಾಕಪ್ ಥರದ ಕೆಲಸಗಳು. ರಾತ್ರಿ ಒಂದು ಸಲ ಓಡಿ ಮುಗಿಯುವ ಕೆಲಸವನ್ನು ಹೊರಗಿನಿಂದ ಕೇಳಲು ಆಗುವುದಿಲ್ಲ. ಅದಕ್ಕೆ ಉಲ್ಟಾ ಮಾಡಬೇಕು. ಕೆಲಸ ಚೆನ್ನಾಗಿ ಮುಗಿದ ಮೇಲೆ ಅದೇ ಒಂದು ವಿಳಾಸಕ್ಕೆ ಹೋಗಿ "ಮುಗಿಯಿತು" ಎಂದು ಹೇಳಬೇಕು. ಹೇಳಬೇಕಾದ ಹೊತ್ತಿಗೆ ಹೇಳದಿದ್ದರೆ ಅಲರ್ಟ್. ಅಪ್‌ಟೈಮ್ ಕುಮಾದಲ್ಲಿ ಇದಕ್ಕೆ ಪುಶ್ ಮಾನಿಟರ್ ಎಂದು ಹೆಸರು. ಕೆಲಸ ಸೋತರೆ ಇಮೇಲ್ ಕಳಿಸು ಎಂದು ಬರೆದಿಡುವುದಕ್ಕಿಂತ ಇದು ಎಷ್ಟೋ ಮೇಲು. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ನಿಂತುಹೋಗಿದ್ದರೆ ಸೋಲಲು ಕೆಲಸ ಶುರುವೇ ಆಗಿರುವುದಿಲ್ಲ. ಮಾನಿಟರ್ ಮೇಲೆ ಮಾನಿಟರ್ ಇಡುವುದಕ್ಕೂ ಇದೇ ಉಪಾಯ. ನಿಮ್ಮ ಮುಖ್ಯ ಮಾನಿಟರ್ ನಿಮಿಷಕ್ಕೊಮ್ಮೆ ಬೇರೊಂದು ಕಡೆಗೆ "ನಾನಿದ್ದೇನೆ" ಎನ್ನಲಿ. ಆ ಮಾತು ನಿಂತರೆ ಅಲ್ಲಿಂದ ಅಲರ್ಟ್ ಬರಲಿ.

ಸಭೆಯ ಎದುರು ಕೆಡಿಸಿ ನೋಡಿದ್ದು

ಇಷ್ಟು ಹೇಳಿದ ಮೇಲೆ ಒಂದು ಸರ್ವರ್ ಕೆಡಿಸೋಣ ಎಂದೆ. ಒಂದು ಸಣ್ಣ ಪರೀಕ್ಷಾ ಸರ್ವರ್ ಇಟ್ಟುಕೊಂಡಿದ್ದೆ. ಅದರ ಮೇಲೆ ಮೂರು ಚೆಕ್. ಪಿಂಗ್, ಮುಖಪುಟದ 200, ಬರೆದು ಓದುವ ಹೆಲ್ತ್ ಪುಟ. ಮೂರಕ್ಕೂ 60 ಸೆಕೆಂಡ್, ಮೂರು ಪ್ರಯತ್ನ, ನಡುವೆ 30 ಸೆಕೆಂಡ್. ಮುಂದಿನ ಸಾಲಿನಲ್ಲಿದ್ದ ಒಬ್ಬರಿಗೆ ಗಡಿಯಾರ ನೋಡಲು ಹೇಳಿದೆ. ನನ್ನ ಫೋನ್ ಮೇಜಿನ ಮೇಲಿಟ್ಟೆ.

ಮೊದಲು ವೆಬ್ ಸರ್ವರ್ ನಿಲ್ಲಿಸಿದೆ. ಸುಮ್ಮನೆ ಕಾಯುವಾಗ ಎರಡು ನಿಮಿಷ ಎಷ್ಟು ಉದ್ದ ಅನಿಸುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. 1 ನಿಮಿಷ 50 ಸೆಕೆಂಡ್‌ಗೆ ಫೋನ್ ಸದ್ದು ಮಾಡಿತು. ವೆಬ್ ಸರ್ವರ್ ಮತ್ತೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ "ಸರಿಯಾಯಿತು" ಎಂಬ ಸಂದೇಶವೂ ಬಂತು.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. "ಮೇಡಂ, ನೀವು ಮೊದಲು ಹೇಳಿದ ಆ ರಾತ್ರಿಯ ಹಾಗೆ ಮಾಡಿ ತೋರಿಸ್ತೀರಾ?" ಅದೇ ಪ್ರಯೋಗಕ್ಕೆ ಆ ಸರ್ವರ್‌ನಲ್ಲಿ ಡೇಟಾಬೇಸ್‌ಗೆ ಒಂದು ಸಣ್ಣ ಡಿಸ್ಕ್ ಭಾಗ ಕೊಟ್ಟಿದ್ದೆ. ಒಂದು ದೊಡ್ಡ ಫೈಲ್ ಹಾಕಿ ಅದನ್ನು ಪೂರ್ತಿ ತುಂಬಿಸಿದೆ. ಬ್ರೌಸರ್‌ನಲ್ಲಿ ಮುಖಪುಟ ತೆರೆದೆ. ಚೆನ್ನಾಗಿ ತೆರೆಯಿತು. ಫಾರ್ಮ್ ತುಂಬಿ ಬಟನ್ ಒತ್ತಿದೆ. ಎರರ್ ಬಂತು. ಎಲ್ಲರೂ ಮಾನಿಟರಿಂಗ್ ಪುಟ ನೋಡುತ್ತಾ ಕೂತೆವು. ಪಿಂಗ್ ಹಸಿರು. ಮುಖಪುಟ ಹಸಿರು. ಮೂರನೇ ಸಾಲು ಮೊದಲು ಹಳದಿಯಾಯಿತು. ಒಂದು ನಿಮಿಷ ಕಳೆದ ಮೇಲೆ ಕೆಂಪಾಯಿತು, ಮೇಜಿನ ಮೇಲೆ ಫೋನ್ ನಡುಗಿತು.